ಬೀಜೋಪಚಾರ

ಬಹ್ಲಾ ಕೋಟೆಯ ಹಿಂದೆ, ಖರ್ಜೂರದ ನೆರಳು ಮುಗಿಯುವಲ್ಲಿ
ಸುವೈದ್ ಬಿನ್ ಖಲ್ಫಾನನ ಗೋಧಿ ಮಡಿ ಹನ್ನೊಂದು.
ಫಲಜ್ ಕಾಲುವೆಯಲ್ಲಿ ಅವನ ಪಾಲು ಮೂರು ಅಥರ್,
ಅಂದರೆ ಒಂದೂವರೆ ಗಂಟೆ.
ಅಷ್ಟರಲ್ಲಿ ನೆಲ ನೀರು ಕುಡಿಯಬೇಕು, ಅವನು ಖಾವಾ ಕುಡಿಯಬೇಕು,
ನನ್ನ ಪ್ರಶ್ನೆಗಳೂ ಮುಗಿಯಬೇಕು.

ಆ ಗೋಧಿ ತಳಿಯ ಹೆಸರು ಕೂಲಿ.
ಮೊದಲ ದಿನ ಕೇಳಿ ನಕ್ಕೆ. ಕನ್ನಡದ ಅರ್ಥ ಹೇಳಿದಾಗ
ಅವನೂ ನಕ್ಕ: "ಸರಿಯಾಗೇ ಇದೆ,
ದುಡಿಯುತ್ತದೆ, ಸಂಬಳ ಕೇಳುವುದಿಲ್ಲ."
ನೀರು ತಿರುಗಿಸುವ ಮೊಫಿಜುಲ್ ಮಾತ್ರ ನಗಲಿಲ್ಲ.

ಫೆಬ್ರವರಿಯಲ್ಲಿ ಆರನೇ ಮಡಿ ಬಿಳಿಚಿತು.
ತೆನೆ ತಲೆಯೆತ್ತಿ ನಿಂತಿದೆ, ಒಳಗೆ ಕಾಳಿಲ್ಲ.
ಕಿತ್ತರೆ ಬುಡಕ್ಕೆ ಸುಟ್ಟ ಬೆಲ್ಲದ ಬಣ್ಣ.
ನಮ್ಮ ಗದಗಿನ ಕಡೆ ರೋಗಕ್ಕೂ ಶೃಂಗಾರದ ಹೆಸರು:
ಜೋಳಕ್ಕೆ ಕಾಡಿಗೆ, ಗೋಧಿಗೆ ಭಂಡಾರ.
ಇದಕ್ಕೆ ಅಂಥ ಭಾಗ್ಯವಿಲ್ಲ. ಬುಡಕೊಳೆ.
ಹೇಳಿದರೇ ಬಾಯಿ ಹುಳಿಯಾಗುತ್ತದೆ.

ಅದೇ ಬೀಜ, ಅದೇ ಗಾಳಿ, ಅದೇ ನೀರು;
ಒಂಬತ್ತನೇ ಮಡಿ ಮಾತ್ರ ಏನೂ ಗೊತ್ತಿಲ್ಲದವರ ಹಾಗೆ
ಹಸಿರಾಗಿತ್ತು.
ಅಲ್ಲಿಂದ ಒಂದು ಚಮಚ ಮಣ್ಣು ತಂದೆ.

ನಾಲ್ಕನೇ ದಿನ ಗಾಜಿನ ತಟ್ಟೆಯ ತುಂಬ ಬೂಸು.
ಮೊದಲು ಹಿಂಜಿದ ಹತ್ತಿ, ಆಮೇಲೆ ನಡುವಿನಿಂದ
ಹೆಸರುಕಾಳಿನ ಸಿಪ್ಪೆಯ ಬಣ್ಣ.
ಮೊಳಕೆಯೊಂದರ ಒಂದು ಮಗ್ಗುಲಿಗೆ ಇದನ್ನಿಟ್ಟೆ,
ಇನ್ನೊಂದಕ್ಕೆ ರೋಗದ ಬೂಸು. ಕುಸ್ತಿ ನೋಡಲು ಕಾದೆ.
ಇದು ತೊಡೆ ತಟ್ಟಲಿಲ್ಲ. ಬೇಗ ಬಂತು, ಕೂತಿತು.
ಹುಬ್ಬಳ್ಳಿ ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು
ಸೀಟು ಹಿಡಿಯುತ್ತಾರಲ್ಲ,
ಹಾಗೆ ಬೇರಿನ ಒಂದೊಂದು ಸಂದಿಗೂ ತನ್ನ ಟವೆಲ್ ಹಾಕಿತು.
ಹಿಂದೆ ಬಂದ ರೋಗ ನಿಂತೇ ಇತ್ತು, ಹಸಿದು ಸೊರಗುವ ತನಕ.

ಯಾರಿಗೂ ಏನೂ ಮಾಡದ ಜೀವಿಯ ಬಗ್ಗೆ
ವರದಿ ಬರೆಯುವುದು ಕಷ್ಟ.
"ಕಾರ್ಯ" ಎಂಬ ಅಂಕಣದಲ್ಲಿ "ಇರುತ್ತದೆ" ಎಂದು ಬರೆದು
ಅಳಿಸಿದೆ.

ನವೆಂಬರಿನ ಬಿತ್ತನೆಗೆ ಹಸಿರು ಪುಡಿ ಒಯ್ದೆ, ಅಂಟುನೀರಲ್ಲಿ ಕಲಸಿ.
ಸುವೈದ್ ಮೂಸಿ ನೋಡಿದ. "ಅಫನ್," ಎಂದ. ಬೂಸು.
"ರೊಟ್ಟಿಗೆ ಇದು ಬಂದರೆ ನಾವು ಆಡಿಗೆ ಹಾಕುತ್ತೇವೆ.
ನೀನು ನನ್ನ ಬೀಜಕ್ಕೆ ಹಚ್ಚುತ್ತೀಯಾ?"
ನಮ್ಮಲ್ಲಿ ಇದಕ್ಕೆ ಬೀಜೋಪಚಾರ ಅನ್ನುತ್ತೇವೆ ಎಂದೆ.
ಉಪಚಾರ ಅಂದರೆ, ನಾನು ಬಂದಾಗಲೆಲ್ಲ
ಬೇಡವೆಂದರೂ ಮೂರನೇ ಸಲ ಖಾವಾ ಸುರಿಯುತ್ತೀರಲ್ಲ, ಅದು.
ಅವನು ಕಾಳುಗಳನ್ನು ಅಂಗೈಯಲ್ಲಿ ಹೊರಳಿಸಿದ.
"ಒಂದು ಮಡಿ. ಕೊನೆಯದು."
ಕಾಲುವೆಯ ಬಾಲ ಅದು, ನೀರು ಮುಟ್ಟುವ ಹೊತ್ತಿಗೆ
ಅಥರ್ ಮುಗಿದಿರುತ್ತದೆ.

ಜನವರಿಯಲ್ಲಿ ನನ್ನ ರೆಸಿಡೆಂಟ್ ಕಾರ್ಡು ಮುಗಿಯಿತು.
ನಿಜ್ವಾದ ಕಚೇರಿಯಲ್ಲಿ ಬೆರಳಚ್ಚು.
ಹೆಬ್ಬೆರಳಿನ ಗೆರೆಗಳಲ್ಲಿ ಹಸಿರು ಕೂತಿತ್ತೇನೋ,
ಯಂತ್ರ ಮೂರು ಸಲ ಒಲ್ಲೆ ಎಂದಿತು.

ಮಾರ್ಚಿನಲ್ಲಿ ನೂರು ನೂರು ಗಿಡ ಕಿತ್ತು ಎಣಿಸಿದೆವು.
ಆರನೇ ಮಡಿಯಲ್ಲಿ ಕೊಳೆತವು ನಲವತ್ತನಾಲ್ಕು,
ಕೊನೆಯದರಲ್ಲಿ ಹದಿನೇಳು.
ನಾನು ನಲವತ್ತನಾಲ್ಕರಿಂದ ಹದಿನೇಳನ್ನು ಕಳೆಯುತ್ತಿದ್ದೆ.
ಅವನು ಆ ಹದಿನೇಳನ್ನೇ ಚಾಪೆಯ ಮೇಲೆ ಸಾಲಾಗಿ ಮಲಗಿಸಿ
"ಇವಕ್ಕೆ ಉಪಚಾರ ಸಾಲಲಿಲ್ಲವೋ?" ಎಂದ.
ಆ ಒಂದು ಪದವನ್ನು ಕನ್ನಡದಲ್ಲೇ ಹೇಳಿದ.
ನನ್ನಲ್ಲಿ ಉತ್ತರ ಇರಲಿಲ್ಲ, ಈಗಲೂ ಇಲ್ಲ.

ಹೊರಡುವಾಗ ಹೇಳಿದೆ:
ಈ ಬೂಸು ನಿಮ್ಮದೇ, ಒಂಬತ್ತನೇ ಮಡಿಯದು.
ಅವನು ಲೋಟ ಕೆಳಗಿಟ್ಟ.
"ಅದು ನನ್ನ ತಾಯಿಯ ಮಡಿ.
ಹೊಸ ನೆಲ ಒಡೆದಾಗೆಲ್ಲ ಅಲ್ಲಿಂದ ಒಂದು ಬುಟ್ಟಿ ಮಣ್ಣು
ತಲೆಯ ಮೇಲೆ ಹೊತ್ತು ತಂದು ಚೆಲ್ಲುತ್ತಿದ್ದಳು.
ಯಾಕೆಂದು ನಾವು ಕೇಳಲಿಲ್ಲ. ಅವಳು ಹೋದ ಮೇಲೆ,
ಬುಟ್ಟಿ ಭಾರ ನೋಡು, ಬಿಟ್ಟೆವು."
ಆಮೇಲೆ, ಕಣ್ಣು ಕಿರಿದು ಮಾಡಿ:
"ಹಾಗಾದರೆ ನಿನ್ನ ಪುಡಿಗೆ ಬಿಲ್ಲು ಯಾಕೆ?"

ಮುಂದಿನ ವಾರ ಹೋದಾಗ
ಒಂಬತ್ತನೇ ಮಡಿಯ ಮೂಲೆಯಲ್ಲಿ ಮೊಳದಗಲದ ಗುಂಡಿ.
ಸುವೈದ್ ಹವಾಮಾನದ ಮಾತಾಡಿದ.
ಮೊಫಿಜುಲ್ ಕಾಲುವೆಯಲ್ಲಿ ಬುಟ್ಟಿ ತೊಳೆಯುತ್ತಿದ್ದ.
ಅವನ ತಗಡಿನ ಕೋಣೆಯ ಹಿಂದೆ, ಚಾಪೆಯಗಲದ
ಪಾಲಕ್ ಪಾತಿಯಲ್ಲೂ
ಮಣ್ಣು ಹೊಸದಾಗಿತ್ತು.